ಹಳೆಯ ರಿಸೀವರಿಗೆ ತಕ್ಕ ಹಳೆಯ ಸ್ಪೀಕರ್

ಹೋದ ವರ್ಷ ಮೇ ತಿಂಗಳ ಒಂದು ರಾತ್ರಿ ನಮ್ಮ ಮನೆಯ ರಿಸೀವರ್ (ರೇಡಿಯೊ, ಆಂಪ್ಲಿಫೈಯರ್ ಎರಡೂ ಒಂದರಲ್ಲೇ ಇರುವ ಪೆಟ್ಟಿಗೆ) ಮೂರನೆಯ ಹಾಡಿನ ನಡುವೆ ‘ಟಕ್’ ಎಂದು ಬಾಯಿ ಮುಚ್ಚಿಕೊಂಡಿತು. ಹತ್ತು ನಿಮಿಷ ಬಿಟ್ಟು ಹಚ್ಚಿದರೆ ಹಾಡುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಕಲಬುರಗಿಯ ಮೇ ತಿಂಗಳಲ್ಲಿ ಮನುಷ್ಯರೇ ಮಾತು ನಿಲ್ಲಿಸುತ್ತಾರೆ, ಯಂತ್ರದ ಪಾಡೇನು ಎಂದು ತಪ್ಪನ್ನೆಲ್ಲ ಬಿಸಿಲಿನ ತಲೆಗೆ ಕಟ್ಟಿ ಸುಮ್ಮನಾದೆ. ವಾರದ ನಂತರ ಸ್ಪೀಕರಿನ ಸ್ಕ್ರೂ ಬಿಚ್ಚಿ ನೋಡಿದರೆ, ಎಡಗಡೆಯ ಡಬ್ಬಿಯಲ್ಲಿ ಕೆಳದನಿ ನುಡಿಸುವ ಮೂಲದ ವೂಫರ್ ಇರಲೇ ಇಲ್ಲ. ಯಾವುದೋ ಕಾರಿನಿಂದ ಕಿತ್ತ 4 ಓಮ್‌ನ ವೂಫರನ್ನು ಆ ಜಾಗದಲ್ಲಿ ಅಂಟು ಹಚ್ಚಿ ಕೂರಿಸಿದ್ದರು. ಮಾರಿದವನು ‘ನೂರು ವ್ಯಾಟ್ ಸರ, ಕಂಪನಿ ಮಾಲು’ ಎಂದಿದ್ದ. ನಾನು ವ್ಯಾಟ್ ಕೇಳಿ ಹಿಗ್ಗಿ, ಓಮ್ ಕೇಳುವುದನ್ನೇ ಮರೆತಿದ್ದೆ.

ಅದಾದ ಮೇಲೆ ನನಗಾಗಿ ಎರಡು ಜೋಡಿ ಕೊಂಡಿದ್ದೇನೆ, ಗೆಳೆಯರಿಗಾಗಿ ನಾಲ್ಕೈದು ಜೋಡಿ ನೋಡಿಕೊಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಒಂದು ಸ್ಟೀರಿಯೊ ರಿಸೀವರ್ ಆಗಲೇ ಇದೆ, ಅಪ್ಪನೋ ಮಾವನೋ ಸೌದಿಯಿಂದ ತಂದದ್ದು ಎಂದುಕೊಳ್ಳೋಣ. ಕೈಯಲ್ಲಿ ಏಳೆಂಟು ಸಾವಿರ ರೂಪಾಯಿ ಇದೆ. ಈ ಹಣದಲ್ಲಿ ಹೊಸ ಸ್ಪೀಕರ್ ಕೊಂಡರೆ ಸಿಗುವುದು ಸಾಧಾರಣ ಮಾಲು. ಹಳೆಯದನ್ನು ನೋಡಿ ಕೊಂಡರೆ ಒಳ್ಳೆಯದೇ ಸಿಗಬಹುದು, ನೋಡದೆ ಕೊಂಡರೆ ನನ್ನ ಗತಿ.

ಮೊದಲು ರಿಸೀವರಿನ ಬೆನ್ನು ಓದಿ

ಸ್ಪೀಕರ್ ಹುಡುಕಲು ಹೊರಡುವ ಮುಂಚೆ ರಿಸೀವರನ್ನು ತಿರುಗಿಸಿ, ಟಾರ್ಚ್ ಹಿಡಿದು ಹಿಂಬದಿಯನ್ನು ಓದಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲು ನೋಡಬೇಕಾದದ್ದು ವೋಲ್ಟೇಜ್. ಕೊಲ್ಲಿ ದೇಶಗಳಿಂದ ಬಂದ ಎಷ್ಟೋ ರಿಸೀವರ್‌ಗಳಲ್ಲಿ ವೋಲ್ಟೇಜ್ ಬದಲಿಸುವ ಸಣ್ಣ ಗುಂಡಿ ಇರುತ್ತದೆ. ಸೌದಿಯ ಮನೆಗಳಲ್ಲಿ ಹಿಂದೆ 127 ವೋಲ್ಟ್ ವಿದ್ಯುತ್ ಇತ್ತು. ಹಾಗಾಗಿ ಅಟ್ಟದಿಂದ ಇಳಿಸಿದ ಪೆಟ್ಟಿಗೆಯ ಗುಂಡಿ ಇನ್ನೂ ಅಲ್ಲಿಯೇ ನಿಂತಿರಬಹುದು. ಅದನ್ನು 220 ಅಥವಾ 240ಕ್ಕೆ ತಿರುಗಿಸದೆ ಪ್ಲಗ್ ಚುಚ್ಚಬೇಡಿ. ಜಪಾನಿನ ಒಳಮಾರುಕಟ್ಟೆಯ ಮಾಲು 100 ವೋಲ್ಟಿನದು, ಅಮೆರಿಕದ್ದು 120. ಇವುಗಳಿಗೆ ಗುಂಡಿ ಇಲ್ಲದಿದ್ದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಆಮೇಲೆ ಸ್ಪೀಕರ್ ತಂತಿ ಸಿಕ್ಕಿಸುವ ಜಾಗದ ಪಕ್ಕದ ಸಣ್ಣ ಅಕ್ಷರ. ಅಲ್ಲಿ ‘ಎ ಅಥವಾ ಬಿ: 4ರಿಂದ 16 ಓಮ್; ಎ ಮತ್ತು ಬಿ: 8ರಿಂದ 16 ಓಮ್’ ಎಂಬರ್ಥದ ಸಾಲು ಇರುತ್ತದೆ (ಎ, ಬಿ ಎಂದರೆ ಎರಡು ಜೋಡಿ ಸ್ಪೀಕರಿಗೆ ಇರುವ ಎರಡು ಜಾಗ). ಈ ಒಂದು ಸಾಲು ನಿಮ್ಮ ಹುಡುಕಾಟದ ಅರ್ಧ ಕೆಲಸ ಮುಗಿಸುತ್ತದೆ. ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ, ಕಾಲುವೆಯ ತೂಬಿದ್ದಂತೆ: ಓಮ್ ಕಡಿಮೆಯಾದಷ್ಟು ತೂಬು ಅಗಲ, ಹರಿಯುವ ವಿದ್ಯುತ್ ಹೆಚ್ಚು. 8 ಓಮ್‌ಗೆ 30 ವ್ಯಾಟ್ ಕೊಡುವ ರಿಸೀವರ್ ಆಗ ಸುಮಾರು 15.5 ವೋಲ್ಟ್ ಹೊರಡಿಸುತ್ತಿರುತ್ತದೆ. ಹರಿಯುವುದು ಎರಡು ಆಂಪಿಯರಿಗೆ ಸ್ವಲ್ಪ ಕಡಿಮೆ. ಅದೇ ವಾಲ್ಯೂಮಿನಲ್ಲಿ 4 ಓಮ್‌ನ ಸ್ಪೀಕರ್ ಹಚ್ಚಿದರೆ ನಾಲ್ಕು ಆಂಪಿಯರ್ ಹತ್ತಿರ ಕೇಳುತ್ತದೆ. ರಿಸೀವರಿನ ಟ್ರಾನ್ಸಿಸ್ಟರುಗಳು ಅಷ್ಟನ್ನು ತಡೆಯಲಾರದೆ ಬಿಸಿಯಾಗುತ್ತವೆ. ಪುಣ್ಯವಿದ್ದರೆ ರಕ್ಷಣಾ ರಿಲೇ ‘ಟಕ್’ ಎಂದು ಕಡಿದುಹಾಕುತ್ತದೆ, ಇಲ್ಲದಿದ್ದರೆ ಹೊಗೆ.

ಹಿಂಬದಿಯಲ್ಲಿ ಕನಿಷ್ಠ 8 ಓಮ್ ಎಂದಿದ್ದರೆ 8 ಓಮ್‌ನದನ್ನೇ ಹುಡುಕಿ. 6 ಓಮ್‌ನದು ಸಾಧಾರಣ ವಾಲ್ಯೂಮಿನಲ್ಲಿ ನಡೆಯುತ್ತದೆ, ಮದುವೆ ಮನೆಯಂತೆ ಕಿರುಚಿಸುವವರಿಗೆ ಅಲ್ಲ. ಕನಿಷ್ಠ 4 ಎಂದಿದ್ದರೆ 4ಕ್ಕೆ ಕಡಿಮೆಯಿಲ್ಲದ ಯಾವುದಾದರೂ ಸರಿ. ಎರಡು ಕೋಣೆಗೆ ಎರಡು ಜೋಡಿ ಹಾಕುವ ಆಸೆಯಿದ್ದವರು ಒಂದು ಲೆಕ್ಕ ನೆನಪಿಡಬೇಕು: ಎ ಮತ್ತು ಬಿ ಒಟ್ಟಿಗೆ ಒತ್ತಿದಾಗ ಹೆಚ್ಚಿನ ರಿಸೀವರುಗಳಲ್ಲಿ 8 ಓಮ್‌ನ ಎರಡು ಸ್ಪೀಕರ್ ಸೇರಿ 4 ಓಮ್ ಆಗುತ್ತವೆ, ಹದಿನಾರಲ್ಲ.

ಮಲ್ಟಿಮೀಟರ್ ಇದ್ದವರು ಇನ್ನೊಂದು ಪರೀಕ್ಷೆ ಮಾಡಿ. ಸ್ಪೀಕರ್ ಜೋಡಿಸದೆ ರಿಸೀವರ್ ಹಚ್ಚಿ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಐದು ನಿಮಿಷ ಬಿಟ್ಟು ರಿಸೀವರಿನ ಹಿಂಬದಿಯಲ್ಲಿ ಸ್ಪೀಕರ್ ತಂತಿ ಸಿಕ್ಕಿಸುವ ಕೆಂಪು ಕಪ್ಪು ತುದಿಗಳ ನಡುವೆ ಡಿ.ಸಿ. ಮಿಲಿವೋಲ್ಟ್ ಅಳೆಯಿರಿ. 50ರ ಒಳಗಿದ್ದರೆ ಚಿಂತೆಯಿಲ್ಲ. 100 ದಾಟಿದರೆ ಸ್ಪೀಕರಿನ ಹಣವನ್ನು ಮೊದಲು ರಿಸೀವರಿನ ರಿಪೇರಿಗೆ ಹಾಕಿ. ಕೆಟ್ಟ ರಿಸೀವರ್ ಒಳ್ಳೆಯ ಸ್ಪೀಕರನ್ನು ಒಂದೇ ರಾತ್ರಿಯಲ್ಲಿ ಸುಡಬಲ್ಲದು.

ವ್ಯಾಟಿನ ಲೆಕ್ಕ

ನಿಮ್ಮ ರಿಸೀವರ್ 30 ವ್ಯಾಟಿನದು ಎಂದರೆ ಅಂಗಡಿಯವರು ನಗುತ್ತಾರೆ. ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಡಬ್ಬಿಯ ಮೇಲೇ ಅದಕ್ಕಿಂತ ದೊಡ್ಡ ಅಂಕಿ ಬರೆದಿರುವ ಕಾಲವಿದು. ಹಳೆಯ ಟೇಪ್ ರೆಕಾರ್ಡರುಗಳ ಮೇಲೆ ಸಾವಿರಗಟ್ಟಲೆ ಪಿ.ಎಂ.ಪಿ.ಒ. (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂಬ ಲೆಕ್ಕದ) ವ್ಯಾಟ್ ಬರೆಯುತ್ತಿದ್ದುದು ನೆನಪಿರಬಹುದು. ಅವೇ ಪೆಟ್ಟಿಗೆಗಳ ಬೆನ್ನ ಮೇಲೆ ವಿದ್ಯುತ್ ಬಳಕೆ ಮೂವತ್ತೋ ನಲವತ್ತೋ ವ್ಯಾಟ್ ಎಂದು ಸಣ್ಣದಾಗಿ ಇರುತ್ತಿತ್ತು. ತಿಂದದ್ದಕ್ಕಿಂತ ಹೆಚ್ಚು ದುಡಿಯುವ ಎತ್ತು ಎಲ್ಲಿಯೂ ಇಲ್ಲ. ನಂಬಬೇಕಾದದ್ದು ಆರ್.ಎಂ.ಎಸ್. (ಎಡೆಬಿಡದೆ ಕೊಡಬಲ್ಲ ಶಕ್ತಿ) ಎಂದು ಬರೆದ ಅಂಕಿಯನ್ನು ಮಾತ್ರ.

ಸ್ಪೀಕರಿನ ಮೇಲಿನ ವ್ಯಾಟ್ ಅದು ಎಷ್ಟು ತಡೆದುಕೊಳ್ಳುತ್ತದೆ ಎನ್ನುವ ಅಂಕಿ, ಎಷ್ಟು ಜೋರಾಗಿ ಹಾಡುತ್ತದೆ ಎನ್ನುವುದಲ್ಲ. ಜೋರು ಹೇಳುವುದು ಸೆನ್ಸಿಟಿವಿಟಿ ಎಂಬ ಅಂಕಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಕೇಳುತ್ತದೆ ಎಂಬುದು ಅದರ ಅರ್ಥ. 84, 85 ಇದ್ದರೆ ಮಂದ. 90 ದಾಟಿದರೆ ಚುರುಕು. ಮೂರು ಡೆಸಿಬೆಲ್ ಹೆಚ್ಚು ಬೇಕೆಂದರೆ ರಿಸೀವರ್ ಎರಡು ಪಟ್ಟು ವ್ಯಾಟ್ ಕೊಡಬೇಕು. ಅಂದರೆ 84 ಡೆಸಿಬೆಲ್ಲಿನ ಸ್ಪೀಕರಿಗೆ 60 ವ್ಯಾಟ್ ಕೊಟ್ಟು ಪಡೆಯುವ ಸದ್ದನ್ನು 90 ಡೆಸಿಬೆಲ್ಲಿನದು 15 ವ್ಯಾಟಿನಲ್ಲೇ ಕೊಡುತ್ತದೆ. ಸಣ್ಣ ರಿಸೀವರ್ ಇರುವವರು ದೊಡ್ಡ ವ್ಯಾಟಿನ ಸ್ಪೀಕರ್ ಹುಡುಕುವ ಬದಲು ಚುರುಕಾದ ಸ್ಪೀಕರ್ ಹುಡುಕಬೇಕು.

ಒಂದು ಲೆಕ್ಕ ಹಾಕೋಣ. 87 ಡೆಸಿಬೆಲ್ಲಿನ ಜೋಡಿ, ನೀವು ಕೂರುವುದು ಹತ್ತು ಅಡಿ ದೂರ. ದೂರಕ್ಕೆ ಒಂಬತ್ತೂವರೆ ಕಳೆಯಿರಿ, ಎರಡು ಸ್ಪೀಕರ್ ಇರುವುದಕ್ಕೆ ಮೂರು ಸೇರಿಸಿ. ತಲಾ ಒಂದೇ ವ್ಯಾಟಿಗೆ ಕಿವಿಗೆ ಬೀಳುವುದು 80 ಡೆಸಿಬೆಲ್ ಹತ್ತಿರ. ಪಕ್ಕದಲ್ಲಿ ಕೂತವರ ಸಾಧಾರಣ ಮಾತು 60ರ ಆಸುಪಾಸು. ಇನ್ನುಳಿದ 29 ವ್ಯಾಟ್ ತಬಲಾದ ಏಟು ಬಿದ್ದಾಗ, ತಾರಸ್ಥಾಯಿಗೆ ದನಿ ಏರಿದಾಗ ಬೇಕಾಗುವ ಮೀಸಲು. ಮನೆಗೆ ಇದು ಧಾರಾಳ.

ಸಣ್ಣ ರಿಸೀವರ್ ದೊಡ್ಡ ಸ್ಪೀಕರನ್ನು ಸುಡಲಾರದು ಎಂಬ ನಂಬಿಕೆಯೂ ಸುಳ್ಳು. ರಿಸೀವರನ್ನು ಶಕ್ತಿಮೀರಿ ತಿರುಗಿಸಿದಾಗ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಕತ್ತರಿಸಿದ ಅಲೆಯಲ್ಲಿ ಹೆಚ್ಚಾಗಿ ಹುಟ್ಟುವ ಚೂಪಾದ ಸದ್ದೆಲ್ಲ ಮೇಲ್ದನಿ ನುಡಿಸುವ ಸಣ್ಣ ಟ್ವೀಟರಿಗೆ ಹೋಗಿ ಅದರ ಕೂದಲೆಳೆಯಂಥ ತಂತಿಯ ಸುರುಳಿಯನ್ನು, ಅಂದರೆ ಕಾಯಿಲನ್ನು, ಸುಡುತ್ತದೆ. ಸದ್ದು ಒರಟಾದ ಕೂಡಲೇ ವಾಲ್ಯೂಮ್ ಇಳಿಸಿ.

ನಿಮ್ಮ ಕೋಣೆಯ ನೆಲ

ನಮ್ಮ ಕಡೆಯ ಮನೆಗಳ ವಿಚಾರದಲ್ಲಿ ಇದನ್ನು ಬಿಟ್ಟರೆ ಆಗದು. ಕೆಳಗೆ ಶಹಾಬಾದ್ ಹಾಸುಗಲ್ಲು, ಸುತ್ತ ಕಲ್ಲಿನ ಅಥವಾ ಸಿಮೆಂಟಿನ ಗೋಡೆ, ಮೇಲೆ ಸ್ಲ್ಯಾಬು. ಬೇಸಿಗೆಗೆ ಕಾಲಿಗೆ ತಂಪು, ಕಿವಿಗೆ ಮಾತ್ರ ಕಷ್ಟ: ಚಪ್ಪಾಳೆ ತಟ್ಟಿದರೆ ಝಣ್ಣೆನ್ನುತ್ತದೆ. ಇಂಥ ಕೋಣೆಗೆ ತುತ್ತೂರಿಯಾಕಾರದ ಅಥವಾ ಪೀಜೊ ಟ್ವೀಟರಿನ ಚೀರುವ ಸ್ಪೀಕರ್ ತಂದರೆ ಹಾರ್ಮೋನಿಯಂ ತಗಡಿನಂತೆ ಕೇಳುತ್ತದೆ. ರೇಷ್ಮೆ ಬಟ್ಟೆಯ ಗುಮ್ಮಟವಿರುವ ಟ್ವೀಟರ್ ಇದ್ದದ್ದನ್ನು ಆರಿಸಿ. ಮಿಕ್ಕದ್ದಕ್ಕೆ ಹಣ ಖರ್ಚು ಮಾಡಬೇಡಿ. ನೆಲಕ್ಕೆ ಒಂದು ಜಮಖಾನೆ, ಕೂರುವ ಜಾಗದ ಹಿಂದಿನ ಗೋಡೆಗೆ ಅಜ್ಜಿ ಹೊಲಿದ ದಪ್ಪ ಕೌದಿ ತೂಗುಹಾಕಿ. ವ್ಯತ್ಯಾಸ ಅದೇ ಸಂಜೆ ಗೊತ್ತಾಗುತ್ತದೆ. ಕೌದಿ ಗೋಡೆಗೇರಿದ್ದು ಕಂಡು ನಮ್ಮ ಮನೆಯಲ್ಲಿ ಎರಡು ದಿನ ಮಾತುಕತೆ ನಿಂತಿತ್ತು ಎಂಬುದನ್ನೂ ಹೇಳಬೇಕು.

ಹನ್ನೆರಡು ಹದಿನಾಲ್ಕು ಅಡಿಯ ಕೋಣೆಗೆ ಐದರಿಂದ ಆರೂವರೆ ಇಂಚಿನ ವೂಫರ್ ಸಾಕು. ಡಬ್ಬಿಯ ಹಿಂಭಾಗದಲ್ಲಿ ಗಾಳಿ ತೂತು ಇದ್ದರೆ ಗೋಡೆಯಿಂದ ಒಂದು ಒಂದೂವರೆ ಅಡಿ ಮುಂದೆ ಇಡಬೇಕಾಗುತ್ತದೆ. ಅಷ್ಟು ಜಾಗವಿಲ್ಲದವರು ತೂತಿಲ್ಲದ ಮುಚ್ಚಿದ ಡಬ್ಬಿಯನ್ನೋ ಮುಂದೆ ತೂತಿರುವುದನ್ನೋ ನೋಡಿ.

ಹುಡುಕುವುದು ಎಲ್ಲಿ

ಕಲಬುರಗಿಯಲ್ಲಿ ನಾನು ಮೊದಲು ಕೇಳುವುದು ಟಿ.ವಿ., ಆಂಪ್ಲಿಫೈಯರ್ ರಿಪೇರಿ ಮಾಡುವ ಹಿರಿಯರನ್ನು. ರಿಪೇರಿಗೆ ಕೊಟ್ಟು ಒಯ್ಯದೇ ಹೋದವರ ಸ್ಪೀಕರ್ ಅವರ ಅಟ್ಟದಲ್ಲಿ ಇರುತ್ತವೆ. ಯಾರ ಮನೆಯಲ್ಲಿ ಏನಿದೆ ಎಂಬ ಸುದ್ದಿಯೂ ಅವರಿಗೆ ಗೊತ್ತು. ಕೊಲ್ಲಿಯಿಂದ ಮರಳಿದವರ ಮನೆಗಳು, ವರ್ಗವಾಗಿ ಹೊರಟ ಅಧಿಕಾರಿಗಳ ಮನೆಗಳು ಎರಡನೆಯ ಜಾಗ. ಗುಜರಿ ಅಂಗಡಿ ಕೊನೆಗೆ. ಇಲ್ಲಿ ಸಿಗದಿದ್ದರೆ ಹೈದರಾಬಾದ್ ಇದ್ದೇ ಇದೆ: ಬಿಡಿಭಾಗಕ್ಕೆ ಕೋಠಿಯ ಗುಜರಾತಿ ಗಲ್ಲಿ, ಹಳೆಯ ಮಾಲಿಗೆ ಎರ್ರಗಡ್ಡದ ಭಾನುವಾರದ ಸಂತೆ. ಬೀದರಿನವರಿಗೆ ನಮಗಿಂತ ಅದು ಹತ್ತಿರ.

ಹೆಸರಿನ ವಿಚಾರದಲ್ಲಿ ನನ್ನ ಒಲವು ಹೇಳಿಬಿಡುತ್ತೇನೆ. ಕೊಲ್ಕತ್ತದ ಸೋನೊಡೈನ್ ನಮ್ಮ ದೇಶದ್ದು, ಹಳೆಯದಾದರೂ ಬಿಡಬೇಡಿ. ವಾರ್ಫ್‌ಡೇಲ್, ಯಮಹಾ, ಪೋಲ್ಕ್, ಬೋಸ್ಟನ್ ಅಕೂಸ್ಟಿಕ್ಸ್ ಕಂಡರೆ ನಿಂತು ನೋಡಿ. ಹೆಸರು ನೋಡಿ ಹಣ ಮಾತ್ರ ಕೊಡಬೇಡಿ.

ಮೂರು ಬಗೆಯವನ್ನು ಅಗ್ಗವೆಂದು ತರಬೇಡಿ. ಒಂದು, ಡಿ.ವಿ.ಡಿ. ಹೋಂ ಥಿಯೇಟರಿನ ಸಣ್ಣ ಸ್ಪೀಕರುಗಳು. ಎಷ್ಟೋ 3 ಓಮ್‌ನವು, ಪ್ಲಗ್ಗೂ ಬೇರೆ. ಎರಡು, ಕಾರಿನವು, ಹೆಚ್ಚಿನವು 4 ಓಮ್. ಮೂರು, ಸಭೆ ಸಮಾರಂಭಕ್ಕೆ ಬಳಸುವ ಉದ್ದನೆಯ ಕಾಲಮ್ ಸ್ಪೀಕರುಗಳು. ಇವುಗಳೊಳಗೆ 100 ವೋಲ್ಟ್ ಲೈನಿನ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅಂಥ ಹತ್ತು ವ್ಯಾಟಿನ ಸ್ಪೀಕರ್ ನಿಮ್ಮ ರಿಸೀವರಿಗೆ ಸಾವಿರ ಓಮ್‌ನಂತೆ ಕಾಣುತ್ತದೆ. ರಿಸೀವರಿಗೆ ತೊಂದರೆಯಿಲ್ಲ, ಸದ್ದೇ ಬಾರದು ಅಷ್ಟೆ.

ಕೈಯಲ್ಲಿ ಹಿಡಿದು ನೋಡುವ ಕ್ರಮ

ಚೀಲದಲ್ಲಿ ಇಷ್ಟಿರಲಿ: ಟಾರ್ಚ್, ಸ್ಕ್ರೂಡ್ರೈವರ್, ಮಲ್ಟಿಮೀಟರ್, 1.5 ವೋಲ್ಟಿನ ಪೆನ್ಸಿಲ್ ಸೆಲ್ಲು, ಎರಡು ತುಂಡು ತಂತಿ, ಒಂದು ದಿನಪತ್ರಿಕೆ. ಸಾಧ್ಯವಾದರೆ ರಿಸೀವರನ್ನೇ ಹೊತ್ತೊಯ್ಯಿರಿ. ಮುಜುಗರ ಬೇಡ, ಎಂಟು ಕಿಲೋ ಭಾರ ಎಂಟು ಸಾವಿರ ರೂಪಾಯಿಗಿಂತ ಹಗುರ.

ಮುಂದಿನ ಬಟ್ಟೆಯ ಜಾಲಿ ತೆಗೆಸಿ. ತೆಗೆಯಲು ಬಾರದು ಎಂದರೆ ಅಲ್ಲಿಂದ ಹೊರಡಿ. ವೂಫರಿನ ಕೋನಿಗೂ (ನಡುವೆ ಆಡುವ ಬಟ್ಟಲಿನಂಥ ಭಾಗ) ಕಬ್ಬಿಣದ ಚೌಕಟ್ಟಿಗೂ ನಡುವೆ ಸುತ್ತುವರಿದ ಅಂಚನ್ನು ನೋಡಿ. ಸ್ಪೀಕರಿನ ವಯಸ್ಸು ಇರುವುದು ಅಲ್ಲಿ. ರಬ್ಬರಿನ ಅಂಚು ಮತ್ತು ಬಟ್ಟೆಯ ಅಂಚು ದಶಕಗಟ್ಟಲೆ ಬಾಳುತ್ತವೆ. ಫೋಮಿನ ಅಂಚು ಹದಿನೈದಿಪ್ಪತ್ತು ವರ್ಷಕ್ಕೆ ತಾನಾಗಿ ಪುಡಿಯಾಗುತ್ತದೆ, ಬಳಸಿದರೂ ಬಳಸದಿದ್ದರೂ. ಗಾಳಿಯ ತೇವ, ಬಿಸಿಲು, ಕಾವು ಎಲ್ಲವೂ ಅದನ್ನು ತಿನ್ನುತ್ತವೆ. ‘ಮನೆಯಲ್ಲಿ ಸುಮ್ಮನೆ ಇಟ್ಟಿದ್ದು ಸರ, ಹಚ್ಚಿಯೇ ಇಲ್ಲ’ ಎಂಬ ಮಾತಿಗೆ ಫೋಮಿನ ವಿಚಾರದಲ್ಲಿ ಬೆಲೆಯಿಲ್ಲ. ಬೆರಳಿನಿಂದ ಮೆಲ್ಲಗೆ ಒತ್ತಿ. ಅಂಟಂಟಾಗಿದ್ದರೆ, ಬೆರಳಚ್ಚು ಉಳಿದರೆ, ಬಿರುಕು ಕಂಡರೆ ಅದರ ಕಾಲ ಮುಗಿಯಿತು. ಒಮ್ಮೆ ಬಿರುಕಿನ ಮೇಲೆ ಕಪ್ಪು ಬೂಟ್ ಪಾಲಿಶ್ ತೀಡಿದ್ದನ್ನೂ ಕಂಡಿದ್ದೇನೆ. ಮೂಗಿಗೆ ಹಿಡಿದರೆ ತಿಳಿಯುತ್ತದೆ.

ಹಾಗೆಂದು ಫೋಮ್ ಹೋದ ಸ್ಪೀಕರ್ ತ್ಯಾಜ್ಯವಲ್ಲ. ಉಳಿದದ್ದೆಲ್ಲ ಸರಿಯಿದ್ದರೆ ಬೆಲೆಯನ್ನು ಅರ್ಧಕ್ಕೆ ಇಳಿಸಿ ಕೊಂಡು ಹೊಸ ಅಂಚು ಹಾಕಿಸಬಹುದು. ಆದರೆ ಊರಿನಲ್ಲಿ ಶಾಮಿಯಾನಾದವರ ಸ್ಪೀಕರ್ ಕಟ್ಟಿಕೊಡುವವರು ಸಾಮಾನ್ಯವಾಗಿ ಗಡುಸಾದ ಬಟ್ಟೆಯ ಅಂಚು ಹಾಕುತ್ತಾರೆ. ಅದು ದೊಡ್ಡ ಸಭೆಗೆ ಸರಿ. ಮನೆಯ ಸಣ್ಣ ವೂಫರಿಗೆ ಹಾಕಿದರೆ ಕೋನ್ ಆಡುವುದು ಕಡಿಮೆಯಾಗಿ ಕೆಳದನಿ ಬಡವಾಗುತ್ತದೆ. ಅದೇ ಅಳತೆಯ ಫೋಮ್ ಅಥವಾ ಮೆತ್ತನೆಯ ರಬ್ಬರ್ ಉಂಗುರ ತರಿಸಿ ಕೊಟ್ಟು, ‘ಕಾಕಾ, ಇದನ್ನೇ ಹಾಕಿ’ ಎಂದು ನಿಂತು ಹಾಕಿಸಿ.

ಮುಂದೆ, ಕೋನಿನ ಎರಡೂ ಬದಿ ಬೆರಳಿಟ್ಟು ಸಮವಾಗಿ ಒಳಗೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಮರಳು ಉಜ್ಜಿದಂತೆ ಕರಕರ ಎಂದರೆ ಕಾಯಿಲು ಮ್ಯಾಗ್ನೆಟ್ಟಿಗೆ ತಾಗುತ್ತಿದೆ, ಅದನ್ನು ಬಿಡಿ. ಟ್ವೀಟರನ್ನು ಮಾತ್ರ ಮುಟ್ಟಬೇಡಿ, ಕಣ್ಣಿನಿಂದ ನೋಡಿದರೆ ಸಾಕು. ಮೆತ್ತನೆಯ ಗುಮ್ಮಟ ಸ್ವಲ್ಪ ತಗ್ಗಾಗಿದ್ದರೆ ನೋಡಲು ಚೆಂದವಿಲ್ಲ ಅಷ್ಟೆ, ಎಷ್ಟೋ ಸಲ ಸದ್ದಿಗೆ ತೊಂದರೆಯಿರುವುದಿಲ್ಲ.

ಆಮೇಲೆ ಮಲ್ಟಿಮೀಟರ್. ಸ್ಪೀಕರಿನ ಹಿಂದಿನ ಎರಡು ತುದಿಗೆ ಹಿಡಿದರೆ 8 ಓಮ್‌ನದು ಐದೂವರೆಯಿಂದ ಏಳರವರೆಗೆ ತೋರಿಸಬೇಕು. 4 ಓಮ್‌ನದು ಮೂರರಿಂದ ಮೂರೂವರೆಯ ಸುತ್ತಮುತ್ತ. ಮೀಟರ್ ಅಳೆಯುವುದು ತಂತಿಯ ನೇರ ತಡೆಯನ್ನು ಮಾತ್ರ, ಅದಕ್ಕೇ ಲೇಬಲ್ಲಿಗಿಂತ ಕಡಿಮೆ. ಎಡ ಬಲ ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಡಬೇಕು. ಒಂದು 6.1, ಇನ್ನೊಂದು 3.4 ತೋರಿಸಿದರೆ ನನ್ನ ಕಾರಿನ ವೂಫರಿನ ಕಥೆ ನೆನಪಿಸಿಕೊಳ್ಳಿ. ಆವತ್ತು ಈ ಒಂದು ನಿಮಿಷದ ಪರೀಕ್ಷೆ ಮಾಡಿದ್ದರೆ ಮೋಸ ಅಲ್ಲೇ ಬಯಲಾಗುತ್ತಿತ್ತು.

ಆದರೆ ಈ ಅಂಕಿ ಟ್ವೀಟರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಟ್ವೀಟರಿನ ದಾರಿಯಲ್ಲಿ ಕೆಪಾಸಿಟರ್ ಕೂತು ಮೀಟರಿನ ಡಿ.ಸಿ.ಯನ್ನು ತಡೆಯುತ್ತದೆ. ಹಾಗಾಗಿ ಸತ್ತ ಟ್ವೀಟರಿನ ಸ್ಪೀಕರೂ ಮೀಟರಿನಲ್ಲಿ ಪಾಸಾಗುತ್ತದೆ. ಅದಕ್ಕೇ ದಿನಪತ್ರಿಕೆ: ಕೊಳವೆಯಂತೆ ಸುತ್ತಿ ಒಂದು ತುದಿಯನ್ನು ಟ್ವೀಟರಿನ ಮುಂದೆ, ಇನ್ನೊಂದನ್ನು ಕಿವಿಗೆ ಹಿಡಿದು ಹಾಡು ಹಚ್ಚಿಸಿ. ತಾಳದ, ಝಾಂಜಿನ ಚಿಣಿಚಿಣಿ ಸ್ಪಷ್ಟವಾಗಿ ಬರಬೇಕು. ಎರಡೂ ಡಬ್ಬಿಗೆ ಇದನ್ನೇ ಮಾಡಿ. ಒಂದರಲ್ಲಿ ಮಂಕಾಗಿದ್ದರೆ ಟ್ವೀಟರ್ ಹೋಗಿರಬಹುದು, ಕೆಪಾಸಿಟರ್ ಒಣಗಿರಬಹುದು. ಕೆಪಾಸಿಟರ್ ಅಗ್ಗ, ಅದೇ ಮಾದರಿಯ ಟ್ವೀಟರ್ ಸಿಗುವುದು ದುರ್ಲಭ.

ಒಂದು ಬದಿಯ ಸದ್ದು ಸಣ್ಣದಾಗಿದ್ದರೆ ಕೂಡಲೇ ಸ್ಪೀಕರನ್ನು ದೂರಬೇಡಿ. ಎಡದ ತಂತಿ ಬಲಕ್ಕೆ, ಬಲದ್ದು ಎಡಕ್ಕೆ ಬದಲಿಸಿ. ದೋಷ ಅದೇ ಡಬ್ಬಿಯಲ್ಲಿ ಉಳಿದರೆ ತಪ್ಪು ಸ್ಪೀಕರಿನದು, ಇನ್ನೊಂದಕ್ಕೆ ಹಾರಿದರೆ ರಿಸೀವರಿನದು.

ಪರೀಕ್ಷೆಗೆ ಡಿ.ಜೆ. ಹಾಡು ಹಚ್ಚುವುದು ಮಾರುವವರ ಪದ್ಧತಿ. ಆ ಗದ್ದಲದಲ್ಲಿ ಎಲ್ಲ ಡಬ್ಬಿಯೂ ಒಂದೇ. ನೀವು ನೂರು ಸಲ ಕೇಳಿದ ಧ್ವನಿಯನ್ನು ಮೊಬೈಲಿನಲ್ಲಿ ಒಯ್ಯಿರಿ. ನಾನು ಒಯ್ಯುವುದು ಭೀಮಸೇನ ಜೋಶಿಯವರ ಖಯಾಲ್: ತಂಬೂರದ ನಾದ ಎಡಬಲದಲ್ಲಿ ಹರಡಬೇಕು, ಗಾಯಕರ ದನಿ ನಡುವೆ ನಿಲ್ಲಬೇಕು, ಡಗ್ಗಾದ ಗುಮಕಿ ಊದಿಕೊಳ್ಳದೆ ಬರಬೇಕು. ಆಮೇಲೆ ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಲ್ಲಿ ಸಣ್ಣ ವಾಲ್ಯೂಮಿಟ್ಟು 50 ಹರ್ಟ್ಸ್‌ನಿಂದ 200ರವರೆಗೆ ನಿಧಾನವಾಗಿ ಏರಿಸಿ. ಎಲ್ಲಾದರೂ ಗರಗರ ಎಂದರೆ ಸಡಿಲವಾದ ಸ್ಕ್ರೂ, ಬಿಟ್ಟ ಅಂಟು, ಇಲ್ಲವೇ ತಾಗುವ ಕಾಯಿಲು. ಗಾಳಿ ತೂತಿನೊಳಗೂ ಟಾರ್ಚ್ ಬಿಡಿ. ಗೆಳೆಯನೊಬ್ಬನಿಗೆ ನೋಡಿದ ಡಬ್ಬಿಯಲ್ಲಿ ಇಲಿಯೊಂದು ಹತ್ತಿ ಹಾಸಿಕೊಂಡು ಸಂಸಾರ ಹೂಡಿತ್ತು. ಹತ್ತಿ ಡಬ್ಬಿಯದೇ.

ಕೊನೆಗೆ ಎರಡೂ ಡಬ್ಬಿಯ ವೂಫರನ್ನು ಬಿಚ್ಚಿ ನೋಡಲು ಕೇಳಿ. ನಾಲ್ಕು ಸ್ಕ್ರೂ ಅಷ್ಟೆ. ಎರಡರ ಹಿಂಬದಿಯೂ ಒಂದೇ ಲೇಬಲ್, ಒಂದೇ ಮ್ಯಾಗ್ನೆಟ್ ಇರಬೇಕು.

ಹಣ ಮತ್ತು ಸಾಗಣೆ

ಎಂಟು ಸಾವಿರವಿದ್ದರೆ ಸ್ಪೀಕರಿಗೆ ಆರು ಸಾವಿರ ದಾಟಬೇಡಿ. ಒಂದು ಸಾವಿರ ಬರಬಹುದಾದ ರಿಪೇರಿಗೆ, ಇನ್ನೊಂದು ತಂತಿ ಮತ್ತು ಸಾಗಣೆಗೆ. ಕಂಡ ದೋಷಗಳನ್ನು ಒಂದೊಂದಾಗಿ ಹೇಳಿ ಬೆಲೆ ಇಳಿಸಿ; ‘ಸ್ವಲ್ಪ ಕಡಿಮೆ ಮಾಡಿ’ ಎಂದು ಬರಿಗೈಯಲ್ಲಿ ಕೇಳುವುದಕ್ಕಿಂತ ‘ಈ ಅಂಚು ಹಾಕಿಸಲು ಇಷ್ಟಾಗುತ್ತದೆ’ ಎಂಬುದಕ್ಕೆ ತೂಕ ಹೆಚ್ಚು.

ಬಸ್ಸಿನಲ್ಲಿ ತರುವಾಗ ಎರಡರ ಮುಖವೂ ಎದುರುಬದುರಾಗಿ, ನಡುವೆ ದಪ್ಪ ರಟ್ಟು, ಸುತ್ತ ಹೊದಿಕೆ. ಡಿಕ್ಕಿಯಲ್ಲಿ ಹಾಕಿದರೆ ಮೇಲೆ ಈರುಳ್ಳಿ ಚೀಲ ಬೀಳುವುದು ಖಚಿತ, ಕಾಲಬುಡದಲ್ಲೇ ಇಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ

ತಂತಿಗೆ ಬಂಗಾರದ ಬೆಲೆ ಕೊಡಬೇಡಿ. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ಎರಡೆಳೆ ಮೆದು ತಂತಿ ಐದು ಮೀಟರಿಗೆ ಬೇಕಾದಷ್ಟಾಯಿತು. ಹೋಗಿ ಬರುವ ದಾರಿ ಸೇರಿ ಅದರ ತಡೆ ಸುಮಾರು 0.12 ಓಮ್ ಮಾತ್ರ.

ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಎನ್ನುವುದು ಎಲ್ಲರಿಗೂ ಗೊತ್ತು. ಹಳೆಯ ಸ್ಪೀಕರಿನಲ್ಲಿ ಯಾರೋ ಒಳಗೆ ಉಲ್ಟಾ ಬೆಸೆದಿರಬಹುದು. ಪೆನ್ಸಿಲ್ ಸೆಲ್ಲಿನ ಧನ ತುದಿಯನ್ನು ಕೆಂಪಿಗೆ, ಋಣವನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ: ಕೋನ್ ಹೊರಗೆ ಜಿಗಿಯಬೇಕು. ಜೆಬಿಎಲ್ ಕಂಪನಿಯ ಹಳೆಯ ಕೆಲವು ವೂಫರುಗಳು ಕಾರ್ಖಾನೆಯಿಂದಲೇ ಒಳಗೆ ಸರಿಯುತ್ತವೆ. ಅದಕ್ಕೆ ಗಾಬರಿ ಬೇಡ. ಮುಖ್ಯವಾದದ್ದು ಎರಡೂ ಡಬ್ಬಿ ಒಂದೇ ದಿಕ್ಕಿಗೆ ಹೋಗುವುದು. ಒಂದು ಹೊರಗೆ, ಒಂದು ಒಳಗೆ ಹೋದರೆ ಕೆಳದನಿ ಪರಸ್ಪರ ಹೊಡೆದುಕೊಂಡು ಮಾಯವಾಗುತ್ತದೆ, ಗಾಯಕರ ದನಿ ನಡುವೆ ನಿಲ್ಲದೆ ಗೋಡೆಗೋಡೆಗೆ ಅಲೆಯುತ್ತದೆ. ಹಾಗಿದ್ದರೆ ಒಂದೇ ಸ್ಪೀಕರಿನ ತಂತಿಯನ್ನು ಅದಲುಬದಲು ಮಾಡಿ.

ಎರಡರ ನಡುವೆ ಆರೇಳು ಅಡಿ ಅಂತರ, ನೀವು ಅಷ್ಟೇ ದೂರದಲ್ಲಿ ಅಥವಾ ತುಸು ಹಿಂದೆ, ಟ್ವೀಟರ್ ಕೂತಾಗ ಕಿವಿಯ ಎತ್ತರಕ್ಕೆ. ಸ್ಟ್ಯಾಂಡಿಗೆ ಹಣವಿಲ್ಲದಿದ್ದರೆ ನಮ್ಮಲ್ಲಿ ಕಲ್ಲಿಗೆ ಬರವಿಲ್ಲ: ಇಟ್ಟಿಗೆ ಜೋಡಿಸಿ, ಮೇಲೆ ಶಹಾಬಾದ್ ಕಲ್ಲಿನ ತುಂಡೊಂದನ್ನಿಟ್ಟು, ಅದರ ಮೇಲೆ ರಬ್ಬರ್ ಚೂರು ಹಾಕಿ ಡಬ್ಬಿ ಕೂರಿಸಿ. ನನ್ನವು ಈಗಲೂ ಅದರ ಮೇಲೆಯೇ ನಿಂತಿವೆ. ಮೊದಲ ವಾರ ದಿನಕ್ಕೊಮ್ಮೆ ಒಂದು ಗಂಟೆ ಹಾಡಿದ ಮೇಲೆ ರಿಸೀವರಿನ ನೆತ್ತಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಅಂಗೈ ಇಡಲಾಗದಷ್ಟು ಸುಟ್ಟರೆ ಮತ್ತೆ ಮಲ್ಟಿಮೀಟರ್ ತೆಗೆಯಿರಿ.